ಪಾರ್ಕಿನೊಳಗೆ ಕಂಪನಿ ಕೆಫೆ: ಮೊದಲು ಠರಾವು, ಆಮೇಲೆ ಬ್ಯಾನರ್

ಪಾಲಿಕೆಯ ಉದ್ಯಾನದಲ್ಲಿ ದೊಡ್ಡ ಕಂಪನಿಯ ಕೆಫೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಜನ ಬ್ಯಾನರ್ ಬರೆಸಲು ಓಡುತ್ತಾರೆ. ಮೊದಲು ಬೇಕಾದದ್ದು ಠರಾವಿನ, ಅಂದರೆ ಪಾಲಿಕೆ ಸಭೆಯ ನಿರ್ಣಯದ, ಪ್ರತಿ. ಜಾಗ ಲೀಸಿಗೆ ಹೋಗಬೇಕಾದರೆ ಠರಾವು, ಟೆಂಡರ್ ನೋಟೀಸು, ಷರತ್ತುಗಳ ಪಟ್ಟಿ ಇರಲೇಬೇಕು. ಅವು ಇಲ್ಲದಿದ್ದರೆ ಅದೇ ನಿಮ್ಮ ದೊಡ್ಡ ಆಕ್ಷೇಪ, ಅರ್ಧ ಕೆಲಸ ಮುಗಿದಂತೆ.

ಈ ಕಾಗದಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ಲೀಸಿಗೊಂದು, ನಕ್ಷೆಗೊಂದು ಬೇರೆ ಅರ್ಜಿ ಹಾಕಿ. ‘ಯಾಕೆ ಕೊಟ್ಟಿರಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಚೇರಿಯಲ್ಲಿರುವ ಕಾಗದ ಕೊಡುವುದಷ್ಟೇ ಅವರ ಹೊಣೆ. ಕಾಗದದ ಹೆಸರು ಹಿಡಿದೇ ಕೇಳಿ: ಠರಾವು, ಕರಾರುಪತ್ರ, ಎಷ್ಟು ಚದರಡಿ, ಎಷ್ಟು ವರ್ಷ, ಬಾಡಿಗೆ ಎಷ್ಟು. ಉತ್ತರಕ್ಕೆ 30 ದಿನ ಗಡುವು. ಅಷ್ಟರಲ್ಲಿ ಪಾಯ ತೋಡಿ ಆಗಿರುತ್ತದೆ. ಆದ್ದರಿಂದ ಅದೇ ದಿನ ನಿಮ್ಮ ವಾರ್ಡಿನ ಕಾರ್ಪೊರೇಟರ್ ಹತ್ತಿರವೂ ಹೋಗಿ. ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತಲು ಒಬ್ಬರಾದರೂ ಬೇಕು.

1985ರ ಉದ್ಯಾನ, ಆಟದ ಮೈದಾನಗಳ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ನಿಮ್ಮ ಪಾರ್ಕು ಇದೆಯೇ ನೋಡಿ. ಇದ್ದರೆ ನಿಮ್ಮ ವಾದಕ್ಕೆ ಗಟ್ಟಿ ನೆಲ ಸಿಕ್ಕಿತು. ‘ಕಾಫಿ ತುಟ್ಟಿ’ ಎಂಬ ತಕರಾರನ್ನು ಯಾವ ಅಧಿಕಾರಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸಹಿ ಸಂಗ್ರಹ ಬೆಳಗಿನ ವಾಕಿಂಗ್ ಮಂದಿಗೇ ಮುಗಿದುಹೋಗುತ್ತದೆ. ಸಂಜೆ ಮಕ್ಕಳನ್ನು ಕರೆತರುವ ತಾಯಂದಿರು, ಗೇಟಿನ ಹೊರಗೆ ಗಿರ್ಮಿಟ್, ಮಿರ್ಚಿ ಮಾರುವವರು ಬಿಟ್ಟೇಹೋಗುತ್ತಾರೆ. ಕೆಫೆ ಬಂದರೆ ಮೊದಲು ಎತ್ತಂಗಡಿಯಾಗುವುದು ಅವರ ಗಾಡಿಯೇ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ವ್ಯಾಪಾರಿಗಳೇ ಇರಬೇಕು. ಅಲ್ಲಿಂದಲೂ ಒಂದು ಆಕ್ಷೇಪ ಬರಲಿ. ಪ್ರತಿ ಸಹಿಯ ಮುಂದೆ ಪೂರ್ತಿ ವಿಳಾಸ ಬರೆಸಿ. ವಾಟ್ಸಾಪ್‌ನ ಹೆಬ್ಬೆಟ್ಟಿಗೆ ಕಚೇರಿಯಲ್ಲಿ ಕವಡೆ ಕಿಮ್ಮತ್ತಿಲ್ಲ.

ಮನವಿಯನ್ನು ಆಯುಕ್ತರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡು ಬಂದುಬಿಡಬೇಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಿಕ್ಕಾ, ತಾರೀಖು, ಆವಕ (ಸ್ವೀಕೃತಿ) ನಂಬರ್ ಹಾಕಿಸಿ. ಮುಂದೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವ ಪ್ರಸಂಗ ಬಂದರೆ ವಕೀಲರು ಮೊದಲು ಕೇಳುವುದೇ ಅದನ್ನು.

ಪೂರ್ತಿ ತಡೆಯಲು ಆಗದಿದ್ದರೆ ಷರತ್ತುಗಳಿಗೆ ಪಟ್ಟು ಹಿಡಿಯಿರಿ: ಪಾರ್ಕಿನ ಬೆಂಚು ಕೆಫೆಯ ಪಾಲಾಗಬಾರದು, ಶೌಚಾಲಯ, ಕುಡಿಯುವ ನೀರು ಎಲ್ಲರಿಗೂ ತೆರೆದಿರಬೇಕು. ಇವು ಕರಾರುಪತ್ರದಲ್ಲೇ ಬರಬೇಕು, ಸಭೆಯ ಭರವಸೆಯಲ್ಲಲ್ಲ.