ವೈಸ್ ಸಿಟಿಗೆ ವಾಪಸ್

ನಿನ್ನೆ ರಾತ್ರಿ ಜಿಟಿಎ ವೈಸ್ ಸಿಟಿ ಅನ್ನೋ ವಿಡಿಯೋ ಗೇಮ್‌ನ ಹೊಸ ಆವೃತ್ತಿ ಆಡಿದೆ. 2021ರಲ್ಲೇ ಬಂದಿತ್ತು, ನಾನೇ ಮನಸ್ಸು ಮಾಡಿರಲಿಲ್ಲ.

ಮೂಲ ಆಟ 2002ರದ್ದು. ನಾನು ಆಡಿದ್ದು ಸರಸ್ವತಿಪುರಂನ ಒಂದು ಸೈಬರ್ ಸೆಂಟರ್‌ನಲ್ಲಿ, ಗಂಟೆಗೆ 15 ರೂಪಾಯಿ. ನಾನು, ಚಿಕ್ಕಪ್ಪನ ಮಗ, ಇಬ್ಬರಿಗೂ ಒಂದೇ ಕುರ್ಚಿ. ಆಟಿಕೆ ಹೆಲಿಕಾಪ್ಟರ್‌ನಲ್ಲಿ ನಾಲ್ಕು ಬಾಂಬ್ ಇಡುವ ಮಿಷನ್ ನೆನಪಿದೆ ಅಲ್ವಾ? ಮೇಲೆತ್ತುವ ಕೀ ನನ್ನದು. ಬಾಗಿಸೋಕೆ ನಂಬರ್ ಪ್ಯಾಡ್, ಅದು ಅವನದು. "ಅಣ್ಣ, ಎತ್ತು ಎತ್ತು, ಗೋಡೆ!" ಅಂತ ಅವನು ಕೂಗುತ್ತಿದ್ದ. ಸೋತರೆ ಮತ್ತೆ ಮಿಷನ್ ಶುರುವಾಗುವ ವ್ಯಾನ್‌ವರೆಗೂ ಹೋಗಬೇಕಿತ್ತು. ದಾರಿ ತೋರಿಸುವವರು ಯಾರೂ ಇರಲಿಲ್ಲ. ಹಾಗಾಗಿ ಆಟದೊಳಗಿನ ಊರಿನ ಒಂದೊಂದು ತಿರುವೂ ಬಾಯಿಪಾಠ ಆಗಿತ್ತು.

ಈಗ ಮ್ಯಾಪ್‌ನಲ್ಲಿ ಗೆರೆಯೇ ದಾರಿ ತೋರಿಸುತ್ತದೆ. ಸೋತರೆ ಅಲ್ಲೇ ಮತ್ತೆ ಶುರು. ಅನುಕೂಲ ಹೌದು, ಆದರೆ ಗೆರೆ ನೋಡುತ್ತಾ ಊರನ್ನೇ ನೋಡಲಿಲ್ಲ ಅನ್ನಿಸಿತು. ಮುಖಗಳು ಜಾಸ್ತಿ ನುಣುಪಾಗಿವೆ. ರೇಡಿಯೋದಲ್ಲಿ ಕೆಲವು ಹಾಡುಗಳಿಲ್ಲ, ಅದು ನಿಜಕ್ಕೂ ನೋವಾಯಿತು. ಆದರೂ ರಾತ್ರಿ ಬೀಚ್ ರಸ್ತೆಯ ನಿಯಾನ್ ದೀಪಗಳ ಕೆಳಗೆ ಸುಮ್ನೆ ಬೈಕ್ ಓಡಿಸಿದೆ. ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿದೆ.

ತಮ್ಮನಿಗೆ ಫೋಟೋ ಕಳಿಸಿದೆ. ಅವನು ಈಗ ಮಂಡ್ಯದಲ್ಲಿದ್ದಾನೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಅಣ್ಣ, ಭಾನುವಾರ ಬರ್ತೀನಿ. ಹೆಲಿಕಾಪ್ಟರ್ ಮಿಷನ್ ಮುಟ್ಟಬೇಡ."