ಲೈನ್ ನಿಲ್ಲಿಸುವ ಅಧಿಕಾರ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ತಪಾಸಣೆಯ ಕೆಲಸದಲ್ಲಿದ್ದಾಗ, ದೋಷವಿರುವ ಬಿಡಿಭಾಗ ಕಣ್ಣಿಗೆ ಬಿದ್ದರೂ ಉತ್ಪಾದನಾ ಲೈನ್ ನಿಲ್ಲಿಸುವ ಅಧಿಕಾರ ನಮಗಿರಲಿಲ್ಲ; ಸೂಪರ್‌ವೈಸರ್ ಬಂದು ನೋಡಿ ಒಪ್ಪಿದ ಮೇಲಷ್ಟೇ ಅದು ದೋಷವೆಂದು ದಾಖಲಾಗುತ್ತಿತ್ತು. ಸಂಬಳ ತಡವಾಗುತ್ತಿರಲಿಲ್ಲ, ಬೈಗುಳವೂ ಇರಲಿಲ್ಲ. ಆದರೂ ಕಣ್ಣಾರೆ ಕಂಡದ್ದಕ್ಕೆ ದಿನವೂ ಇನ್ನೊಬ್ಬರ ಒಪ್ಪಿಗೆಗಾಗಿ ಕಾಯುವವರಿಗೆ ಕ್ರಮೇಣ ತಮ್ಮ ಕಣ್ಣಿನ ಮೇಲಿನ ನಂಬಿಕೆಯೇ ಕುಂದುತ್ತದೆ. ಕೈ ಪಳಗಿದ ಹಿರಿಯರೂ ‘ನನಗೇನು ಗೊತ್ತು, ಸಾಹೇಬ್ರನ್ನ ಕೇಳಿ’ ಎನ್ನುತ್ತಿದ್ದರು. ಆಡಳಿತದವರು ಅದನ್ನು ವಿನಯವೆಂದು ಮೆಚ್ಚುತ್ತಿದ್ದುದು ನನಗೆ ಇಂದಿಗೂ ನೋವಿನ ಸಂಗತಿ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರ ಗೆಲುವನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ದೇಹ ಮತ್ತು ಮನಸ್ಸಿನ ಆಗಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ವಾರ್ಷಿಕ ಸಮಾರಂಭದ ಶಾಲು, ಹಾರ, ಪ್ರಶಸ್ತಿಪತ್ರಗಳು ಮೂರನೆಯದಕ್ಕೆ ಸೇರುತ್ತವೆ. ಉಳಿದ ದಿನಗಳಲ್ಲಿ ಒಂದು ತೀರ್ಮಾನವನ್ನೂ ವಹಿಸಿಕೊಡದ ಸಂಸ್ಥೆ ಹೊದಿಸಿದ ಶಾಲಿನಿಂದ ಯಾರ ಆತ್ಮವಿಶ್ವಾಸವೂ ಬಹುಕಾಲ ಉಳಿಯಲಾರದು.

ತಾನು ಮಾಡಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಅರಿವೂ ಉತ್ಸಾಹಕ್ಕೆ ಅಷ್ಟೇ ಮುಖ್ಯ. 1937ರಲ್ಲಿ ಆರಂಭವಾದ ನಮ್ಮ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿದೆ. ಅಲ್ಲಿನ ಕಾರ್ಮಿಕರು ತಮ್ಮ ದುಡಿಮೆಯ ಗುರುತನ್ನು ಮತದಾನದ ದಿನ ತಮ್ಮ ಬೆರಳಿನ ಮೇಲೆಯೇ ನೋಡಬಹುದು. ನಾವು ತಪಾಸಿಸಿದ ಭಾಗ ಯಾವ ಯಂತ್ರದೊಳಗೆ ಸೇರುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮುಂದೆ ನಾನು ಸೇರಿದ ಇನ್ನೊಂದು ಕಾರ್ಖಾನೆಯಲ್ಲಿ ಲೈನ್ ನಿಲ್ಲಿಸುವ ಗುಂಡಿ ಪ್ರತಿಯೊಬ್ಬರ ಕೈಗೆಟುಕುವಂತಿತ್ತು. ಮಂಡ್ಯದ ಕಡೆಯಿಂದ ಬಂದ, ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ಅದನ್ನು ಮೊದಲ ಬಾರಿ ಒತ್ತಿದಾಗ ಸೂಪರ್‌ವೈಸರ್ ಬಂದು, ‘ಏನು ಕಾಣಿಸ್ತಮ್ಮ, ತೋರಿಸು’ ಎಂದು ಕೇಳಿ ಪೂರ್ತಿ ಆಲಿಸಿದರು. ಕೆಲವೇ ತಿಂಗಳಲ್ಲಿ ಹೊಸಬರಿಗೆ ಕೆಲಸ ಕಲಿಸುವವಳು ಅವಳೇ ಆದಳು. ಅಲ್ಲಿಯೂ ಗುತ್ತಿಗೆ ನೌಕರರಿಗೆ ಮಾತ್ರ ಈ ಅವಕಾಶ ಬಹಳ ತಡವಾಗಿ ಸಿಕ್ಕಿತು. ಒಂದೇ ಬೆಂಚಿನಲ್ಲಿ ಅದೇ ಕೆಲಸ ಮಾಡುವವರಲ್ಲಿ ಕೆಲವರ ಕಣ್ಣನ್ನು ನಂಬಿ, ಉಳಿದವರದನ್ನು ನಂಬದಿರುವ ವ್ಯವಸ್ಥೆಯನ್ನು ನಮ್ಮ ಊರಿನ ಕಾರ್ಖಾನೆಗಳು ಮೊದಲು ಕೈಬಿಡಬೇಕು.