ತುಂಬಿದ ಬಾಟಲ್

ಆ ವಾರಾಂತ್ಯ ನಮ್ಮ ಲ್ಯಾಬಿನ ಇಲಿಗಳನ್ನು ನೋಡಿಕೊಳ್ಳುವ ಸರದಿ ನನ್ನದು. ಪ್ರಯೋಗ ಯಾರದೇ ಇರಲಿ, ಇಲಿಗಳಿಗೆ ಭಾನುವಾರದ ರಜೆ ಇಲ್ಲ ಅಲ್ವಾ. ದಿನಾ ಯಾರಾದರೊಬ್ಬರು ಹೋಗಿ ಒಂದೊಂದು ಕೇಜನ್ನೂ ನೋಡಲೇಬೇಕು.

ಹೇಳಿಕೊಳ್ಳುವಂಥ ಕೆಲಸವೇನಲ್ಲ. ಗೌನ್, ಮಾಸ್ಕ್, ಗ್ಲೌಸ್ ಹಾಕಿಕೊಂಡು ಒಳಗೆ ಹೋಗಬೇಕು. ತಂತಿ ಬುಟ್ಟಿಯಲ್ಲಿ ಪೆಲೆಟ್, ಅಂದರೆ ಇಲಿಗಳ ಒಣ ತಿಂಡಿಯ ತುಂಡುಗಳು, ಇದೆಯಾ, ಬಾಟಲಿನಲ್ಲಿ ನೀರಿದೆಯಾ, ಕೆಳಗಿನ ಹೊಟ್ಟು ಒದ್ದೆಯಾಗಿದೆಯಾ ಅಂತ ನೋಡಿ ಹಾಳೆಯಲ್ಲಿ ಟಿಕ್ ಹಾಕಬೇಕು. ಶನಿವಾರ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟೆ. ಅರ್ಧಕ್ಕಿಳಿದ ಬಾಟಲ್‌ಗಳನ್ನು ಬದಲಾಯಿಸಿದೆ. ಮೂಲೆಯ ಕೇಜಿನದು ಕತ್ತಿನವರೆಗೂ ತುಂಬಿತ್ತು. ಸದ್ಯ, ಒಂದು ಕಡಿಮೆಯಾಯಿತು ಅಂದುಕೊಂಡು ಮುಂದೆ ಹೋದೆ.

ಭಾನುವಾರ ಆ ಕೇಜಿನ ಮುಂದೆ ನಿಂತಾಗ ಏನೋ ಸರಿಯಿಲ್ಲ ಅನ್ನಿಸಿತು. ಹಗಲು ಹೊತ್ತು ಇಲಿಗಳು ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ ಮಾಡುತ್ತವೆ. ನಮಗೆ ಹಿತವೆನಿಸುವ 22 ಡಿಗ್ರಿ ಅವಕ್ಕೆ ಚಳಿ. ಅವಕ್ಕೆ ಬೇಕಾದದ್ದು 30ರ ಆಸುಪಾಸು. ಅದಕ್ಕೇ ಕೊಟ್ಟ ಹತ್ತಿಯನ್ನು ಹಿಂಜಿ ಹಿಂಜಿ ಗೂಡು ಕಟ್ಟಿಕೊಂಡು ಅದರಲ್ಲಿ ಹೂತುಹೋಗಿರುತ್ತವೆ. ಇಲ್ಲಿ ಗೂಡು ಖಾಲಿ. ಐದು ಕಪ್ಪು ಇಲಿಗಳೂ ಬೇರೆ ಬೇರೆ ಕೂತಿದ್ದವು. ಬೆನ್ನು ಗೂನಾಗಿತ್ತು, ಕೂದಲು ಕೆದರಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಪೆಲೆಟ್ ಮುಟ್ಟಿದಂತಿರಲಿಲ್ಲ. ಏನೋ ಕಾಯಿಲೆ ಬಂದಿದೆ ಎಂದು ಗಾಬರಿಯಾಗಿ, ಅಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದ್ದ ಅಣ್ಣನನ್ನು ಕರೆದೆ.

ಅವರು ಇಲಿಗಳನ್ನು ಸರಿಯಾಗಿ ನೋಡಲೂ ಇಲ್ಲ. ಮೊದಲು ಬಾಟಲ್ ತೆಗೆದು ತಲೆಕೆಳಗಾಗಿ ಹಿಡಿದು, ನಳಿಗೆಯ ತುದಿಯನ್ನು ಬೆರಳಿಂದ ಒತ್ತಿದರು.

"ಒಂದು ಹನಿ ಬರ್ತಿಲ್ಲ ನೋಡಿ ಮೇಡಂ."

ಆ ತುದಿಯಲ್ಲಿ ಸಣ್ಣ ಸ್ಟೀಲ್ ಗುಂಡಿರುತ್ತದೆ. ಇಲಿ ನಾಲಗೆಯಿಂದ ಅದನ್ನು ತಳ್ಳಿದರೆ ನೀರು ಬರುತ್ತದೆ. ನೀರಿನ ಉಪ್ಪು ಕಟ್ಟಿಕೊಂಡು ಗುಂಡು ಅಂಟಿಕೊಂಡಿತ್ತು. ಒಂದು ಇಲಿ ದಿನಕ್ಕೆ ಕುಡಿಯುವುದು ಸುಮಾರು 5 ಎಂಎಲ್, ಐದು ಸೇರಿದರೆ 25. ಶುಕ್ರವಾರ ಬೆಳಿಗ್ಗೆ ಇಟ್ಟ ಬಾಟಲ್ ಶನಿವಾರಕ್ಕೆ ಒಂದು ಬೆರಳಗಲವಾದರೂ ಇಳಿದಿರಬೇಕಿತ್ತು. ಬಾಟಲ್ ತುಂಬಿದೆ ಎಂದರೆ ಯಾರೂ ಕುಡಿದಿಲ್ಲ ಎಂದರ್ಥ ಅಂತ ನನಗೆ ಹೊಳೆದೇ ಇರಲಿಲ್ಲ. ನೀರಿಲ್ಲದೆ ಆ ಒಣ ಪೆಲೆಟ್ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ತೂಕ ನೋಡೋಣ ಎಂದು ಬಾಲಕ್ಕೆ ಕೈ ಹಾಕಿದೆ. ಅಣ್ಣ ತಡೆದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಬಾಲ ಹಿಡಿದು ಎತ್ತಿದರೆ ಇಲಿಗಳಿಗೆ ಹೆದರಿಕೆ ಜಾಸ್ತಿ, ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದರೆ ಕಡಿಮೆ ಅಂತ 2010ರಲ್ಲೇ ಸಂಶೋಧನೆ ಬಂದಿತ್ತು. ಓದಿದ್ದು ನಾನು, ಪಾಲಿಸುತ್ತಿದ್ದದ್ದು ಅವರು. 25 ಗ್ರಾಂ ಇದ್ದ ಇಲಿ 21ಕ್ಕೆ ಇಳಿದಿತ್ತು. ಕತ್ತಿನ ಹಿಂದಿನ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರೆ ಅದು ಹಾಗೇ ಎದ್ದು ನಿಂತಿತು.

ಫೋನ್ ಮಾಡಿದ ಕೂಡಲೇ ಪಶುವೈದ್ಯರು ಬಂದು, ತೀರಾ ಸೊರಗಿದ್ದ ಎರಡಕ್ಕೆ ಚರ್ಮದ ಕೆಳಗೆ ಸಲೈನ್ ಕೊಟ್ಟರು. ನಾವು ಪೆಲೆಟ್ ನೆನೆಸಿ ಹಿಸುಕಿ, ಎಟುಕುವ ಹಾಗೆ ಚಿಕ್ಕ ತಟ್ಟೆಯಲ್ಲಿ ಕೆಳಗೇ ಇಟ್ಟೆವು. ಹನಿ ಬರುವುದನ್ನು ಮೂರು ಸಲ ನೋಡಿ ಹೊಸ ಬಾಟಲ್ ಸಿಕ್ಕಿಸಿದೆವು. ಒಂದು ಇಲಿ ತೂರಾಡುತ್ತ ಬಂದು ಎರಡೂ ಮುಂಗಾಲು ಎತ್ತಿ ನಳಿಗೆ ಹಿಡಿದುಕೊಂಡಿತು. ಒಳಗಿನ ಗುಂಡು ಟಿಕ್ ಟಿಕ್ ಅನ್ನತೊಡಗಿತು. ತುಂಬಾ ಹೊತ್ತು ಅದು ನಿಲ್ಲಲೇ ಇಲ್ಲ.

ಸೋಮವಾರ ಐದೂ ಗೂಡಿನೊಳಗಿದ್ದವು. ಆದರೆ ಅವುಗಳ ಲೆಕ್ಕವನ್ನು ಪ್ರಯೋಗದಿಂದ ತೆಗೆಯಬೇಕಾಯಿತು. ನಡೆದದ್ದನ್ನು ವರದಿ ಮಾಡುವ ಫಾರ್ಮಿನಲ್ಲಿ 'ಹಿಂದಿನ ದಿನ ನೀರು ಪರೀಕ್ಷಿಸಲಾಗಿತ್ತೇ?' ಎಂಬ ಪ್ರಶ್ನೆ ಇತ್ತು. ಪಕ್ಕದಲ್ಲಿ ಶನಿವಾರದ ಹಾಳೆ, ಅದರಲ್ಲಿ ನನ್ನದೇ ಕೈಯ ಟಿಕ್. ಪೆನ್ನು ಹಿಡಿದು ಸುಮ್ನೆ ಕೂತಿದ್ದೆ.